ಬೆರಳಿನಡಿಯಲ್ಲೇ ಉಳಿಯುವ ಸ್ವರ

ಕೇಳುಗರಿಗೆ ನಮಸ್ಕಾರ.

ಪಿಯಾನೋದ ಕೀಲಿಯನ್ನು ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರವನ್ನು ಉಬ್ಬಿಸಲಾಗಲಿ ಬಾಗಿಸಲಾಗಲಿ ಬೆರಳಿಗೆ ಸಾಧ್ಯವಿಲ್ಲ. ವಿದ್ಯುತ್ತಿನಿಂದ ನಾದ ಹುಟ್ಟಿಸುವ, ಸ್ಪರ್ಶಕ್ಕೆ ಸ್ಪಂದಿಸುವ ಸಿಂಥಸೈಜರ್‌ನಲ್ಲಿ ಹಾಗಲ್ಲ: ಹುಟ್ಟಿದ ಸ್ವರ ಬೆರಳಿನಡಿಯಲ್ಲೇ ಉಳಿದಿರುತ್ತದೆ, ಒತ್ತಡ ಹೆಚ್ಚಿದರೆ ಉಬ್ಬುತ್ತದೆ, ಬೆರಳು ಪಕ್ಕಕ್ಕೆ ಸರಿದರೆ ಶ್ರುತಿ ಜಾರುತ್ತದೆ, ಮುಂದಕ್ಕೆ ಸರಿದರೆ ನಾದದ ಬಣ್ಣವೇ ಬದಲಾಗುತ್ತದೆ. ಕಲಿಯಲು ಕುಳಿತವರಿಗೆ ಮೊದಲು ಎದುರಾಗುವ ತೊಡಕೂ ಇದೇ. ನಾವು ಬೇಕೆಂದು ಮಾಡಿದ ಚಲನೆ ಯಾವುದು, ಅರಿಯದೆ ಮಾಡಿದ್ದು ಯಾವುದು ಎಂಬುದು ವಾದ್ಯಕ್ಕೆ ತಿಳಿಯದು. ಎರಡನ್ನೂ ಅದು ಒಂದೇ ನಿಷ್ಠೆಯಿಂದ ನುಡಿಸುತ್ತದೆ.

ಹುಟ್ಟಿದ ಸ್ವರವನ್ನು ಬೆರಳಿನಿಂದಲೇ ಬಾಗಿಸಬೇಕೆಂಬ ಹಂಬಲ ಹೊಸದೇನಲ್ಲ. ಫ್ರಾನ್ಸಿನ ಮಾರಿಸ್ ಮಾರ್ಟೆನೋ 1928ರಲ್ಲಿ ಲೋಕಕ್ಕೆ ಪರಿಚಯಿಸಿದ ವಿದ್ಯುನ್ಮಾನ ವಾದ್ಯದ ಮುಂದಿನ ಮಾದರಿಗಳಲ್ಲಿ, ಬಲಗೈ ಬೆರಳಿನ ಉಂಗುರ ಒಂದು ಪಟ್ಟಿಯನ್ನು ಎಳೆದು ಶ್ರುತಿಯನ್ನು ಜಾರಿಸುತ್ತಿತ್ತು, ಎಡಗೈ ಒತ್ತುವ ಗುಂಡಿಯ ಆಳ ಧ್ವನಿಯ ಏರಿಳಿತವನ್ನು ನಿರ್ಧರಿಸುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಸಿಂಥಸೈಜರ್ ತಯಾರಕ ಡಾನ್ ಬುಕ್ಲಾ ಪಿಯಾನೋ ಮಾದರಿಯ ಕೀಲಿಗಳನ್ನೇ ಕೈಬಿಟ್ಟು ಸ್ಪರ್ಶಫಲಕಗಳನ್ನು ಇಟ್ಟರು. 1983ರಲ್ಲಿ ಬಂದ ಮಿಡಿ ವ್ಯವಸ್ಥೆ ವಾದ್ಯಗಳ ನಡುವೆ ಸಂಭಾಷಣೆಯನ್ನು ಸುಲಭಗೊಳಿಸಿತಾದರೂ, ಸಂದೇಶ ಸಾಗುವ ಒಂದು ದಾರಿಯಲ್ಲಿ, ಅಂದರೆ ಒಂದು ಚಾನೆಲ್‌ನಲ್ಲಿ ಶ್ರುತಿ ಬಾಗಿಸಿದರೆ ಅಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತಿದ್ದವು. 2018ರಲ್ಲಿ ಅಂಗೀಕೃತವಾದ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಶನ್) ಪದ್ಧತಿ ಪ್ರತಿ ಸ್ವರಕ್ಕೂ ಅದರದೇ ಚಾನೆಲ್ ಕೊಟ್ಟು ಈ ಗಂಟನ್ನು ಬಿಡಿಸಿತು.

ನನ್ನ ಅಭ್ಯಾಸ ಒಂದೇ ಸ್ವರದಿಂದ ಆರಂಭವಾಯಿತು. ಒತ್ತಡವನ್ನು, ನಾದದ ಬಣ್ಣ ಬದಲಿಸುವ ಫಿಲ್ಟರ್‌ಗೆ ಜೋಡಿಸಿ, ತೋರುಬೆರಳನ್ನು ಇಟ್ಟು, ಸ್ವರವನ್ನು ಅಲುಗದಂತೆ ಹಿಡಿಯಲು ಯತ್ನಿಸಿದೆ. ಕೈ ನಿಶ್ಚಲವಾಗಿದೆಯೆಂದು ಕಣ್ಣು ಹೇಳುತ್ತಿತ್ತು. ಕಿವಿಗೆ ಮಾತ್ರ ಸಣ್ಣ ನಡುಕ ಕೇಳುತ್ತಿತ್ತು. ಬೆರಳಿನ ಬಲವನ್ನು ಬಿಟ್ಟು ತೋಳಿನ ಭಾರವನ್ನು ಇಳಿಬಿಟ್ಟಾಗ ಅದು ತಗ್ಗಿತು. ಆದರೆ ಬೆರಳು ಎತ್ತುವಾಗ ಅದು ತುಸು ಪಕ್ಕಕ್ಕೆ ಹೊರಳಿ, ಸ್ವರದ ಬಾಲ ಪ್ರತಿ ಬಾರಿಯೂ ಸೊಟ್ಟಗಾಗುತ್ತಿತ್ತು. ಸ್ವರವನ್ನು ಆರಂಭಿಸುವುದಕ್ಕಿಂತ ಮುಗಿಸುವುದಕ್ಕೇ ಹೆಚ್ಚು ದಿನ ಹಿಡಿಯಿತು.

ಆದ್ದರಿಂದ ಹೊಸಬರು ಮೊದಲು ಒತ್ತಡವೊಂದನ್ನೇ ಉಳಿಸಿಕೊಂಡು ಉಳಿದ ಜೋಡಣೆಗಳನ್ನೆಲ್ಲ ಬಿಚ್ಚಿಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸಿದ್ಧಧ್ವನಿಗಳ ನೂರಾರು ಆಯ್ಕೆ ಇಲ್ಲಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಧ್ವನಿ ಬದಲಾದಂತೆ ಒತ್ತಡದ ಅರ್ಥವೂ ಬದಲಾಗುವುದರಿಂದ ಕೈಗೆ ಯಾವುದೂ ರೂಢಿಯಾಗುವುದಿಲ್ಲ. ವಾದ್ಯ ಏನನ್ನು ಅಳೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ಕೆಲವು ಸ್ಪರ್ಶಫಲಕಗಳು ಬಲವನ್ನಲ್ಲ, ತಗುಲಿದ ಚರ್ಮದ ವಿಸ್ತಾರವನ್ನು ಗ್ರಹಿಸುತ್ತವೆ. ಅಲ್ಲಿ ಉಗುರಿನಂಚಿನಿಂದ ಎಷ್ಟು ಒತ್ತಿದರೂ ಫಲವಿಲ್ಲ. ಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಕು.

ಈಗ ನಾನು ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದು ನಡುವಿನದನ್ನಷ್ಟೇ ಅರ್ಧ ಸ್ವರ ಮೇಲಕ್ಕೆ ಜಾರಿಸುವ ಅಭ್ಯಾಸದಲ್ಲಿದ್ದೇನೆ. ಮಧ್ಯದ ಬೆರಳು ಹೊರಟ ಕೂಡಲೇ ಉಂಗುರದ ಬೆರಳೂ ಅದರ ಬೆನ್ನು ಹತ್ತುತ್ತದೆ. ಸದ್ಯಕ್ಕೆ ಹತ್ತು ಸಲ ಯತ್ನಿಸಿದರೆ ಮೂರು ಸಲ ಅದು ಸುಮ್ಮನಿರುತ್ತದೆ.

ನಮಸ್ಕಾರ.