ಗದ್ದೆ ಪಾಳು ಬಿಡಬೇಡಿ: ಯುದ್ಧ ಮತ್ತು ನಮ್ಮ ಊಟ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಯುದ್ಧದ ಮಾತೆತ್ತಿದರೆ ಕಾರ್ಯಪ್ಪನವರು, ತಿಮ್ಮಯ್ಯನವರು ನೆನಪಾಗುತ್ತಾರೆ. ಆಗಲೇಬೇಕು. ನಾನು ಇವತ್ತು ಮಾತಾಡುವುದು ಯುದ್ಧ ನಮ್ಮ ಅಡುಗೆಮನೆಗೆ ಬರುವ ದಾರಿಯ ಬಗ್ಗೆ.

2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿತು. ಕೆಲವೇ ವಾರಗಳಲ್ಲಿ ನಮ್ಮ ಅಂಗಡಿಗಳಲ್ಲಿ ಎಣ್ಣೆ ಪ್ಯಾಕೆಟ್ ತುಟ್ಟಿಯಾಯಿತು. ಸೂರ್ಯಕಾಂತಿ ಎಣ್ಣೆ ನಮಗೆ ಜಾಸ್ತಿ ಬರುತ್ತಿದ್ದದ್ದೇ ಯುಕ್ರೇನಿನಿಂದ. ಯುದ್ಧ ತೋಟವನ್ನೂ ಬಿಡಲಿಲ್ಲ. ಕಾಫಿಗೆ ಪೊಟ್ಯಾಷ್ ಗೊಬ್ಬರ ಬೇಕು, ಅದನ್ನು ದೇಶ ಹೊರಗಿನಿಂದಲೇ ತರಿಸಬೇಕು. ರಷ್ಯಾ, ಬೆಲಾರುಸ್ ಅದರ ದೊಡ್ಡ ಮಾರಾಟಗಾರರು. ಅದಕ್ಕೇ ಹೇಳುವುದು, ಗದ್ದೆ ಪಾಳು ಬಿಡಬೇಡಿ. ಇದನ್ನು ಇನ್ನೂ ಒಂದೆರಡು ಸಲ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ನಮ್ಮಜ್ಜಿ ಹೇಳುತ್ತಿದ್ದ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ಕಾಲ. ಯುರೋಪಿಗೆ ಹೋಗುತ್ತಿದ್ದ ಕಾಫಿಗೆ ದಾರಿ ಮುಚ್ಚಿತು. ಕೊಳ್ಳುವವರಿಲ್ಲ. ಸರ್ಕಾರ 1942ರಲ್ಲಿ ಕಾಯ್ದೆ ತಂದು, ಬೆಳೆಗಾರರ ಕಾಫಿಯನ್ನೆಲ್ಲ ಪೂಲಿಗೆ, ಅಂದರೆ ಒಂದೇ ಕಡೆಗೆ, ಸೇರಿಸಿ ತಾನೇ ಮಾರಲು ನಿಂತಿತು. ಇಲ್ಲಿರುವ ಹಿರಿಯರಿಗೆ ಗೊತ್ತು, ಆ ಪೂಲಿಂಗ್ ತೊಂಬತ್ತರ ದಶಕದವರೆಗೂ ನಡೆಯಿತು, ಹಣ ಕಂತಿನಲ್ಲಿ ಬರುತ್ತಿತ್ತು. ಅಜ್ಜ ಕಾಫಿ ಮೂಟೆ ನೋಡುತ್ತಾ ಜಗುಲಿಯಲ್ಲಿ ಕೂತರೆ, ಅಜ್ಜಿ ಒಳಗಿಂದ ಕೂಗುತ್ತಿದ್ದರಂತೆ: "ಕಣಜದಲ್ಲಿ ಭತ್ತ ಇದೆಯಲ್ಲ, ಎದ್ದು ಊಟಕ್ಕೆ ಬನ್ನಿ!" ಅಜ್ಜ ಎದ್ದು ಬರುತ್ತಿದ್ದರಂತೆ. ಅಕ್ಕಿ ತರಿಯ ಉಂಡೆ, ನಮ್ಮ ಕಡಂಬಿಟ್ಟು, ಕಾಯುತ್ತಿದ್ದರೆ ಯಾರು ತಾನೇ ಕೂತಿರುತ್ತಾರೆ, ಅಲ್ವಾ?

ಅದೇ ವರ್ಷ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಬರ್ಮಾದ ಅಕ್ಕಿ ನಿಂತದ್ದೊಂದೇ ಕಾರಣ ಅಲ್ಲ. ಬೆಲೆ ಏರಿತು, ಕೂಡಿಟ್ಟವರು ಹೊರಗೆ ಬಿಡಲಿಲ್ಲ, ಸರ್ಕಾರ ಜನರ ದೋಣಿಗಳನ್ನೇ ಕಿತ್ತುಕೊಂಡಿತ್ತು. ಹೆಚ್ಚು ಸತ್ತವರು ಕೂಲಿಯವರು, ಮೀನುಗಾರರು. ದಿನಗೂಲಿಯಲ್ಲಿ ಅಕ್ಕಿ ಕೊಂಡು ತಿನ್ನುವವರು. ನಮ್ಮ ತೋಟದ ಲೈನ್‌ಮನೆಗಳಲ್ಲಿ ಇರುವ ಕಾರ್ಮಿಕರೂ ಹಾಗೆಯೇ ಕೊಂಡು ತಿನ್ನುವವರು. ಅಕ್ಕಿ ಬೆಲೆ ಏರಿದರೆ ಮೊದಲ ಪೆಟ್ಟು ಅವರಿಗೆ, ತೋಟದ ಯಜಮಾನನಿಗಲ್ಲ.

ಈಗ ಕಾಫಿಗೆ ಬೆಲೆ ಬಂದಿದೆ. ಗದ್ದೆಯಲ್ಲಿ ಶುಂಠಿ ಬಂತು, ಕಾಫಿ ಗಿಡ ಬಂತು. ಆಳು ಸಿಗಲ್ಲ, ಆನೆ ಕಾಟ, ಲೆಕ್ಕ ಹಾಕಿದರೆ ಕೈಯಿಂದಲೇ ಹೋಗುತ್ತದೆ. ಎಲ್ಲ ನಿಜ. ಆದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು (ಭತ್ತದ ತೆನೆ) ಕೊಯ್ಯಲು ಪಕ್ಕದೂರಿನ ಗದ್ದೆ ಹುಡುಕಿಕೊಂಡು ಹೋಗುವ ಸ್ಥಿತಿ ಬಂದರೆ, ಅದು ನಮಗೆ ಸರಿಯಾ?

ಸಮಯ ಆಯಿತು ಎಂದು ಚೀಟಿ ಬಂದಿದೆ. ಕೆಂಪು ಸಮುದ್ರದ ವಿಷಯ ಬೇಗ ಹೇಳುತ್ತೇನೆ. 2023ರ ಕೊನೆಯಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಇಟಲಿ, ಜರ್ಮನಿಗೆ ಹೋಗುವ ನಮ್ಮ ಕಾಫಿಯೂ ಆಫ್ರಿಕಾ ಸುತ್ತಿ ಹೋಗಬೇಕಾಯಿತು. ದಿನ ಜಾಸ್ತಿ, ಬಾಡಿಗೆ ಜಾಸ್ತಿ.

ಸಹಕಾರ ಸಂಘಗಳು ಇಲ್ಲಿನ ಭತ್ತವನ್ನು ಒಳ್ಳೆ ಬೆಲೆಗೆ ಕೊಂಡು ಇಲ್ಲೇ ಮಾರಬೇಕು ಎಂಬ ಮಾತು ಇನ್ನೂ ಬಾಕಿ ಇದೆ. ಅದನ್ನು ಪ್ರಶ್ನೆಗಳ ಹೊತ್ತಿನಲ್ಲಿ ಮಾತಾಡೋಣ. ಈಗಲೂ ಗದ್ದೆ ಮಾಡುತ್ತಿರುವವರು ಮೊದಲು ಕೇಳಲಿ.