ತೆರೆಯ ಮೇಲಿನ ಡಿಗ್ರಿ ಯಾವುದರದ್ದು?

ನಮಸ್ಕಾರ. ಬಿಡಿಭಾಗಗಳನ್ನು ತಂದು ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸಿದ ದಿನ, ಉಷ್ಣಾಂಶ ತೋರಿಸುವ ಒಂದು ತಂತ್ರಾಂಶವನ್ನು ತೆರೆದೆ. ಒಂದು ಸಾಲಿನಲ್ಲಿ 127 ಡಿಗ್ರಿ ಎಂದಿತ್ತು. ಗಾಬರಿಯಿಂದ ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಬಿಚ್ಚಿ ಅದರಡಿಯ ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ ಬೆರಳು ತಾಗಿಸಿದರೆ ಅದು ಉಗುರು ಬೆಚ್ಚಗಿತ್ತು, ಅಷ್ಟೇ. ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚಿದ್ದ ಒಳ್ಳೆಯ ಥರ್ಮಲ್ ಪೇಸ್ಟ್ ದಂಡವಾಯಿತು.

ಆ 127 ಪ್ರೊಸೆಸರಿನದ್ದೇ ಅಲ್ಲ. ಮದರ್‌ಬೋರ್ಡಿನಲ್ಲಿ ಸೂಪರ್ ಐಒ ಎಂಬ ಪುಟ್ಟ ಚಿಪ್ ಇರುತ್ತದೆ. ಫ್ಯಾನುಗಳ ವೇಗ, ವೋಲ್ಟೇಜು, ಉಷ್ಣಾಂಶ ಎಲ್ಲವನ್ನೂ ಗಮನಿಸುವುದು ಅದರ ಕೆಲಸ. ಅದರ ಒಂದು ಪಿನ್ನಿಗೆ ಯಾವ ಸೆನ್ಸರನ್ನೂ ಜೋಡಿಸದಿದ್ದರೆ 127 ಅಥವಾ ಮೈನಸ್ 128ರಂತಹ ಅರ್ಥವಿಲ್ಲದ ಅಂಕಿ ಬರಬಹುದು, ತಂತ್ರಾಂಶ ಅದನ್ನೂ ಭಕ್ತಿಯಿಂದ ತೋರಿಸುತ್ತದೆ. ಹಾಗಾಗಿ ಉಷ್ಣಾಂಶ ಎಷ್ಟು ಎಂದು ಕೇಳುವ ಮೊದಲು ಅದು ಯಾವ ಸೆನ್ಸರಿನದ್ದು ಎಂದು ಕೇಳಬೇಕು.

ಸರಿ, ಪ್ರೊಸೆಸರಿನ ಒಳಗಿನ ಸೆನ್ಸರನ್ನೇ ಓದಿದೆವು ಎಂದಿಟ್ಟುಕೊಳ್ಳೋಣ. ಇಂಟೆಲ್‌ನ ಕೋರ್ ಪ್ರೊಸೆಸರುಗಳಲ್ಲಿ ಆ ಸೆನ್ಸರ್ ಉಷ್ಣಾಂಶವನ್ನು ನೇರವಾಗಿ ಹೇಳುವುದಿಲ್ಲ. ಟಿಜೆಮ್ಯಾಕ್ಸ್ ಎಂಬ ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನು ಮಾತ್ರ ಹೇಳುತ್ತದೆ. ಮಿತಿ 100 ಆಗಿದ್ದು ಬಾಕಿ 35 ಎಂದಾದರೆ ತಂತ್ರಾಂಶ ಕಳೆದು 65 ಎಂದು ಬರೆಯುತ್ತದೆ. ಇಂಟೆಲ್‌ನ ಹಳೆಯ ಕೋರ್ 2 ಪೀಳಿಗೆಯ ಕಾಲದಲ್ಲಿ ಎಷ್ಟೋ ಪ್ರೊಸೆಸರುಗಳ ಆ ಮಿತಿಯನ್ನು ಚಿಪ್‌ನಿಂದ ಓದಲು ಬರುತ್ತಿರಲಿಲ್ಲವಾದ್ದರಿಂದ ತಂತ್ರಾಂಶ ಬರೆಯುವವರು ಅದನ್ನು ಊಹಿಸುತ್ತಿದ್ದರು; ಒಂದೇ ಯಂತ್ರದ ಬಗ್ಗೆ ಎರಡು ತಂತ್ರಾಂಶಗಳು ಬೇರೆ ಬೇರೆ ಮಾತಾಡುತ್ತಿದ್ದುದು ಇದಕ್ಕೇ. 2008ರಲ್ಲಿ ಬಂದ ನೆಹಲೆಮ್ ಪೀಳಿಗೆಯಿಂದ ಮಿತಿಯನ್ನು ಚಿಪ್‌ನಿಂದಲೇ ಓದಬಹುದಾಗಿದೆ. ಆದರೂ ಸೆನ್ಸರಿನ ನಿಖರತೆ ಮಿತಿಯ ಹತ್ತಿರವೇ ಹೆಚ್ಚು, ತಣ್ಣಗಿರುವಾಗ ಕಡಿಮೆ. ಅದನ್ನು ಇಟ್ಟಿರುವುದು ಚಿಪ್ ಸುಡದಂತೆ ಕಾಯಲಿಕ್ಕೆ. ಕೆಲಸವಿಲ್ಲದ ಹೊತ್ತಿನಲ್ಲಿ ನಿಮ್ಮದು 31, ನನ್ನದು 34 ಎಂದು ಜಗಳವಾಡುವುದು ವ್ಯರ್ಥ ಎನ್ನಲು ನನಗೆ ಇಷ್ಟು ಸಾಕು.

ಪ್ರೊಸೆಸರ್ ತಯಾರಿಸುವ ಇನ್ನೊಂದು ಕಂಪನಿ ಎಎಂಡಿಯ ಕಥೆ ಬೇರೆ. ಅದರ 2017ರ ರೈಜೆನ್ 1700ಎಕ್ಸ್ ಮತ್ತು 1800ಎಕ್ಸ್ ಪ್ರೊಸೆಸರುಗಳು ಹೊರಗೆ ಹೇಳುತ್ತಿದ್ದ ಟಿಕಂಟ್ರೋಲ್ ಎಂಬ ಅಂಕಿ ನಿಜವಾದ ಉಷ್ಣಾಂಶಕ್ಕಿಂತ 20 ಡಿಗ್ರಿ ಹೆಚ್ಚಿತ್ತು. ಎಲ್ಲ ಮಾದರಿಗಳಲ್ಲೂ ಫ್ಯಾನ್ ಒಂದೇ ನಿಯಮದಂತೆ ತಿರುಗಲಿ ಎಂದು ಬೇಕೆಂದೇ ಸೇರಿಸಿದ್ದು ಅದು. ಅದನ್ನು ಕಳೆಯಲು ಗೊತ್ತಿಲ್ಲದ ತಂತ್ರಾಂಶ 38 ಇರುವಲ್ಲಿ 58 ತೋರಿಸುತ್ತಿತ್ತು.

ಓದುವ ಕ್ಷಣವೂ ಮುಖ್ಯ. ತಂತ್ರಾಂಶವನ್ನು ತೆರೆಯುವ ಕೆಲಸವೇ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರುಗಳಲ್ಲಿ ಒಂದನ್ನು ಎಬ್ಬಿಸಿ ಉಷ್ಣಾಂಶವನ್ನು ನೆಗೆಸುತ್ತದೆ. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಅಂದರೆ ಬಯಾಸ್‌ನಲ್ಲಿ, ಪ್ರೊಸೆಸರ್ ಸಾಮಾನ್ಯವಾಗಿ ವಿದ್ಯುತ್ ಉಳಿಸುವ ಸ್ಥಿತಿಗೆ ಜಾರುವುದಿಲ್ಲ, ಆದ್ದರಿಂದ ಅಲ್ಲಿನ ಅಂಕಿ ವಿಂಡೋಸ್‌ನಲ್ಲಿ ಸುಮ್ಮನಿದ್ದಾಗಿನದಕ್ಕಿಂತ ಹೆಚ್ಚೇ ಇರುತ್ತದೆ. ಕೋಣೆಯ ಬಿಸಿಯನ್ನಂತೂ ಯಾರೂ ಬರೆದಿಡುವುದಿಲ್ಲ. ಕಲಬುರಗಿಯ ಮೇ ತಿಂಗಳಿನ ಅಂಕಿಯನ್ನು ಮಡಿಕೇರಿಯದರ ಪಕ್ಕದಲ್ಲಿಟ್ಟು ಕೂಲರ್ ಕೆಟ್ಟದ್ದು ಎಂದರೆ ಹೇಗೆ?

ನನ್ನ ಅಭಿಪ್ರಾಯದಲ್ಲಿ ಇಂಥ ತಂತ್ರಾಂಶಗಳು ದೊಡ್ಡ ಅಕ್ಷರದಲ್ಲಿ ತೋರಿಸಬೇಕಾದದ್ದು ಡಿಗ್ರಿಯನ್ನಲ್ಲ, ಮಿತಿಗೆ ಉಳಿದಿರುವ ಅಂತರವನ್ನು. ಕೋರ್ ಟೆಂಪ್ ಎಂಬ ತಂತ್ರಾಂಶದಲ್ಲಿ ಆ ಆಯ್ಕೆ ಇದೆ, ಬಳಸುವವರು ಕಡಿಮೆ. ಅಂತರದ ಪಕ್ಕದಲ್ಲೇ ಗಡಿಯಾರದ ವೇಗವೂ, ಅಂದರೆ ಪ್ರೊಸೆಸರ್ ಕೆಲಸ ಮಾಡುತ್ತಿರುವ ವೇಗವೂ, ಇರಬೇಕು. ಏಕೆಂದರೆ 2022ರ ರೈಜೆನ್ 7000 ಸರಣಿಯ ದೊಡ್ಡ ಮಾದರಿಗಳು ಪೂರ್ಣ ಭಾರದಲ್ಲಿ 95 ಡಿಗ್ರಿಯವರೆಗೆ ಹೋಗುವಂತೆಯೇ ರಚಿತವಾಗಿವೆ. ಅಲ್ಲಿ ಕೂಲರ್ ಬದಲಿಸಿದರೂ ಅಂಕಿ 95ರಲ್ಲೇ ನಿಂತು, ಏರುವುದು ವೇಗ ಮಾತ್ರ ಆಗಬಹುದು. ನಾನೀಗ ಇಪ್ಪತ್ತು ನಿಮಿಷ ಪೂರ್ಣ ಭಾರ ಕೊಟ್ಟು, ವೇಗ ಎಲ್ಲಿ ನಿಂತಿತು, ಥ್ರಾಟ್ಲಿಂಗ್ (ಬಿಸಿ ತಾಳದೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುವುದು) ಎಂಬ ಸಾಲಿನಲ್ಲಿ ಹೌದು ಎಂದು ಬಂತೇ ಎಂದು ನೋಡುತ್ತೇನೆ. ಬರದಿದ್ದರೆ ಕಂಪ್ಯೂಟರಿನ ಮುಚ್ಚಳ ಹಾಕಿಬಿಡುತ್ತೇನೆ.