ಮ್ಯಾಂಡೊಲಿನ್‌ಗೆ ಯಾವ ತಂತಿ?

ಕೇಳುಗರಿಗೆ ನಮಸ್ಕಾರ. ಮ್ಯಾಂಡೊಲಿನ್ ನುಡಿಸುವವರಿಂದ ಆಗಾಗ ಕೇಳಿಬರುವ ದೂರು ಇದು: 'ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ, ಕಂಚಿನ ತಂತಿ ಹಾಕಿದರೂ ಸರಿಹೋಗಲಿಲ್ಲ.' ಕಂಚಿನಿಂದ ಅದು ಸರಿಹೋಗುವುದೂ ಇಲ್ಲ. ಈ ವಾದ್ಯಕ್ಕೆ ಎಂಟು ತಂತಿ, ನಾಲ್ಕು ಜೋಡಿ. ಉಕ್ಕಿನ ಎಳೆಯ ಮೇಲೆ ಕಂಚಿನ ಸುತ್ತು ಇರುವುದು ಸಾಮಾನ್ಯವಾಗಿ ಮಂದ್ರದ ಎರಡು ಜೋಡಿಗೆ ಮಾತ್ರ. ಉಳಿದೆರಡು ಜೋಡಿ, ಪೊಟ್ಟಣದ ಮೇಲೆ ಏನೇ ಬರೆದಿರಲಿ, ಬರಿಯ ಉಕ್ಕು.

ಅಲ್ಲಿ ನಾದ ತುಂಬಿಕೊಳ್ಳಬೇಕೆಂದರೆ ತಂತಿಯ ದಪ್ಪವನ್ನೋ ಮೀಟುವ ಪಿಕ್ಕನ್ನೋ ಬದಲಿಸಬೇಕು. ತಂತಿಯ ದಪ್ಪದ ಅಳತೆಯೇ ಗೇಜು; ಹತ್ತನೇ ಗೇಜಿನಿಂದ ಹನ್ನೊಂದಕ್ಕೆ ಹೋದರೆ ಹೆಚ್ಚುವುದು ಇಂಚಿನ ಸಾವಿರದಲ್ಲೊಂದು ಭಾಗವಷ್ಟೇ. ಆದರೆ ತಂತಿಯ ತೂಕ ಶೇ. 21ರಷ್ಟು ಏರುತ್ತದೆ, ಅದೇ ಶ್ರುತಿಗೆ ಬೇಕಾದ ಬಿಗಿತವೂ ಅಷ್ಟೇ ಏರುತ್ತದೆ. ಧ್ವನಿ ಗಟ್ಟಿಯಾಗುತ್ತದೆ, ಬೆರಳಿಗೆ ಶ್ರಮವೂ ಹೆಚ್ಚುತ್ತದೆ. ಅಮೆರಿಕದ ಗಿಬ್ಸನ್ ಎಫ್-5 ಮಾದರಿಯ ಕಮಾನು ಮೈ ಈ ಬಿಗಿತವನ್ನು ತಾಳಿಕೊಳ್ಳುತ್ತದೆ. ನೇಪಲ್ಸ್ ಮಾದರಿಯ, ಬೆನ್ನು ಬುರುಡೆಯಂತೆ ಉಬ್ಬಿದ ಹಳೆಯ ವಾದ್ಯಕ್ಕೆ ಮಾತ್ರ ದಪ್ಪ ತಂತಿ ಹಾಕಲೇಬೇಡಿ, ಮೇಲ್ಹಲಗೆ ಕುಸಿಯುತ್ತದೆ.

ಇನ್ನು ಸುತ್ತಿನ ಮಾತು. 80/20 ಎಂಬ, ಶೇ. 80 ತಾಮ್ರ, ಶೇ. 20 ಸತುವಿನ ಸುತ್ತಿನ ನಾದ ಹೊಸದರಲ್ಲಿ ಝಗ್ ಎಂದು ಹೊಳೆಯುತ್ತದೆ, ಬೇಗ ಮಂಕಾಗುತ್ತದೆ. ಫಾಸ್ಫರ್ ಬ್ರಾಂಜ್, ಅಂದರೆ ತುಸು ರಂಜಕ ಬೆರೆತ ಕಂಚು, ಅದಕ್ಕಿಂತ ಬೆಚ್ಚಗಿನ ನಾದ ಕೊಡುತ್ತದೆ, ಬಾಳಿಕೆಯೂ ಹೆಚ್ಚು. ನನ್ನ ಆಯ್ಕೆ ಅದೇ. ಚಪ್ಪಟೆ ಸುತ್ತಿನ ತಂತಿಯಲ್ಲಿ ಬೆರಳು ಜಾರುವ ಕಿರುಗುಟ್ಟುವಿಕೆಯಿಲ್ಲ, ಮೃದು ಬೇಕೆನ್ನುವವರು ಅದನ್ನು ನೋಡಬಹುದು.

ಕರ್ನಾಟಕ ಸಂಗೀತಕ್ಕೆ ಲೆಕ್ಕವೇ ಬೇರೆ. ಗಮಕಕ್ಕಾಗಿ ತಂತಿಯನ್ನು ಎಳೆದರೆ ಜೋಡಿಯ ಎರಡೂ ಸಮನಾಗಿ ಏರುವುದು ಕಷ್ಟ, ಸ್ವರ ಒಡೆಯುತ್ತದೆ. ಕರ್ನಾಟಕ ಸಂಗೀತದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಜೋಡಿಗಳನ್ನೇ ಬಿಟ್ಟು, ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಐದು ಒಂಟಿ ತಂತಿಗಳನ್ನು ಇಟ್ಟುಕೊಂಡರು. 2014ರಲ್ಲಿ, ಇನ್ನೂ 45ರ ವಯಸ್ಸಿನಲ್ಲೇ ಅವರು ತೀರಿಕೊಂಡರು. ಅವರ ಧ್ವನಿಮುದ್ರಿಕೆ ಕೇಳಿ: ಮೀಟು ಒಂದೇ, ಅದರೊಳಗೆ ಸ್ವರ ವೀಣೆಯಲ್ಲಿ ತೂಗುವಂತೆಯೇ ತೂಗುತ್ತದೆ. ಆ ದಾರಿ ಹಿಡಿಯುವವರು ಎಳೆತಕ್ಕೆ ಬಗ್ಗುವ ತೆಳು ತಂತಿಯನ್ನೇ ಹುಡುಕಬೇಕು. ವಾದ್ಯದಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಪಿಕಪ್ ಇದ್ದರೆ ಕಂಚಿನ ಸುತ್ತು ಬೇಡ, ಅದು ಪಿಕಪ್‌ಗೆ ಸರಿಯಾಗಿ ಕೇಳಿಸದು. ನಿಕ್ಕಲ್ ಅಥವಾ ಉಕ್ಕಿನ ಸುತ್ತೇ ಸರಿ.

ಬದಲಿಸುವಾಗ ಎಲ್ಲ ತಂತಿಗಳನ್ನೂ ಒಮ್ಮೆಲೇ ಬಿಚ್ಚಬೇಡಿ. ಹೆಚ್ಚಿನ ಮ್ಯಾಂಡೊಲಿನ್‌ಗಳಲ್ಲಿ ಕುದುರೆಯನ್ನು, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿಯನ್ನು, ಅಂಟಿಸಿರುವುದಿಲ್ಲ, ತಂತಿಯ ಒತ್ತಡವೇ ಅದನ್ನು ಹಿಡಿದಿಡುವುದು. ಒಂದೊಂದಾಗಿ ತೆಗೆದು, ಒಂದೊಂದಾಗಿ ಹಾಕಿ. ನಮಸ್ಕಾರ.